ರಕ್ತದ ಗುಂಪಿನ ಕಾಲಂ

ಜೂನ್ 9, ಸೋಮವಾರ. ಎರಡನೇ ಪೀರಿಯಡ್

ಕ್ಲಾಸಿಲ್ಲ. ಲ್ಯಾಬಿನಲ್ಲಿ ಕೂತಿದ್ದೇನೆ. ಹತ್ತನೇ ತರಗತಿಯ ಹೊಸ ಜೀವಶಾಸ್ತ್ರ ಪುಸ್ತಕ ಬಂತು. ಅಂಟಿನ ವಾಸನೆ ಇನ್ನೂ ಹೋಗಿಲ್ಲ. ವರ್ಗೀಕರಣದ ಪಾಠ ತೆಗೆದಿದ್ದಾರೆ — ಪೀಡೆ ತೊಲಗಿತು. ಬಾಯಿಪಾಠ ಮಾಡಿಸಿ ಮಾಡಿಸಿ ನನಗೇ ಸಾಕಾಗಿತ್ತು. ಆನುವಂಶೀಯತೆ ಮಾತ್ರ ಹಿಗ್ಗಿದೆ. ಕೊನೆಗೊಂದು ಹೊಸ ಚಟುವಟಿಕೆ, 'ನನ್ನ ಮನೆಯವರ ಚಾರ್ಟ್'. ಮೂರು ತಲೆಮಾರು. ಕಿವಿಯ ಹಾಲೆ ಅಂಟಿದೆಯೋ ಬಿಟ್ಟಿದೆಯೋ, ನಾಲಿಗೆ ಸುರುಳಿ ಮಾಡಲು ಬರುತ್ತದೋ, ರಕ್ತದ ಗುಂಪು ಯಾವುದು. ಹತ್ತು ಅಂಕ.

ಇದನ್ನು ಕೇಳಿದ್ದು ನಾನೇ. ನಾಲ್ಕು ವರ್ಷದ ಹಿಂದೆ, ತರಬೇತಿಯ ಫೀಡ್‌ಬ್ಯಾಕ್ ಫಾರ್ಮಿನಲ್ಲಿ — ಬಟಾಣಿ ಗಿಡ ಸಾಕು, ಮಕ್ಕಳು ತಮ್ಮ ಮನೆಯನ್ನೇ ನೋಡಿ ಕಲಿಯಲಿ ಅಂತ. ಎದ್ದು ನಿಂತು ಓದಿಯೂ ಹೇಳಿದ್ದೆ. ಚಪ್ಪಾಳೆ ಬೇರೆ. ಗಣಿತದ ಮೇಷ್ಟ್ರು ಇವತ್ತು, ನಿಮ್ಮ ಮಾತು ಸರ್ಕಾರವೇ ಕೇಳುತ್ತೆ, ನಮ್ಮನೆಯಲ್ಲಿ ನನ್ನ ಮಾತು ಬೆಕ್ಕೂ ಕೇಳಲ್ಲ ಅಂದರು. ಚೆನ್ನಾಗಿ ನಕ್ಕೆ. ಆಮೇಲೆ ಆ ಪುಟ ಮತ್ತೊಮ್ಮೆ ನೋಡಿದೆ. ಮೂರನೇ ಕಾಲಂ, ರಕ್ತದ ಗುಂಪು. ಪುಸ್ತಕ ಮುಚ್ಚಿಟ್ಟೆ.

ಜೂನ್ 10, ಮಂಗಳವಾರ. ಬೆಳಗ್ಗೆ 6:10

ನಾನು ಓ. ಇವರೂ ಓ. ಮಗಳು ಬಿ. ಅವಳ ಐಡಿ ಕಾರ್ಡಿನಲ್ಲೇ ಅಚ್ಚಾಗಿದೆ. ದಿನಾ ಅದನ್ನು ಕೊರಳಿಗೆ ಹಾಕಿಕೊಂಡು ನನ್ನ ಜೊತೆಯೇ ಸ್ಕೂಲಿಗೆ ಬರುತ್ತಾಳೆ. ತಂದೆ ತಾಯಿ ಇಬ್ಬರೂ ಓ ಆದರೆ ಮಗು ಬಿ ಆಗುವುದಿಲ್ಲ. 112ನೇ ಪುಟದಲ್ಲಿ ಚೌಕ ಹಾಕಿ ಬರೆದಿದ್ದಾರೆ. ಅದನ್ನು ಪಾಠ ಮಾಡಬೇಕಾದವಳು ನಾನು. ಕೇಳಿಸಿಕೊಳ್ಳುವವಳು ಎರಡನೇ ಬೆಂಚಿನಲ್ಲಿ ಅವಳು.

ಇಪ್ಪತ್ತೆರಡು ದಿನದ ಕೂಸಾಗಿದ್ದಾಗ ದತ್ತು ತಂದೆವು. ಏಳು ತುಂಬಲಿ, ಹೇಳೋಣ ಅಂದುಕೊಂಡೆವು. ಆಮೇಲೆ ಹತ್ತು ತುಂಬಲಿ. ಆಮೇಲೆ ಪರೀಕ್ಷೆ ಮುಗಿಯಲಿ. ಯಾವಾಗಲೂ ಒಂದಲ್ಲ ಒಂದು ಪರೀಕ್ಷೆ...

ಇವರಿಗೆ ತೋರಿಸಿದೆ. ಆ ಕಾಲಂ ಬಿಟ್ಟುಬಿಡು, ಯಾರು ನೋಡ್ತಾರೆ ಅಂದರು. ಅಂದವರು ಆಮೇಲೆ ಷೂ ಪಾಲಿಶ್ ಮಾಡಲು ಕೂತರು. ಒಂದೇ ಷೂ, ಇಪ್ಪತ್ತು ನಿಮಿಷ.

ಜೂನ್ 13, ಶುಕ್ರವಾರ

ಹೆಡ್ಮಿಸ್ಟ್ರೆಸ್ ಹತ್ತಿರ ಹೋಗಿ ಆ ಕಾಲಂ ಐಚ್ಛಿಕ ಮಾಡೋಣವೇ ಅಂತ ಕೇಳಿದೆ. ಚಾರ್ಟುಗಳ ಫೋಟೊ ಅಪ್‌ಲೋಡ್ ಆಗಬೇಕಂತೆ, ಖಾಲಿ ಬಿಡುವ ಹಾಗಿಲ್ಲವಂತೆ. "ಕೇಳಿ ತರಿಸ್ಕೊಂಡಿದ್ದು ನೀವೇ ಅಲ್ವಾ ಮೇಡಂ?" ಅಂದರು. ಹೌದು ಅಂದು ಎದ್ದು ಬಂದೆ.

ಮಧ್ಯಾಹ್ನ ಕೊನೆಯ ಬೆಂಚಿನ ಹುಡುಗಿ ಒಬ್ಬಳೇ ಬಂದು, ಅಪ್ಪನದು ಗೊತ್ತಿಲ್ಲ ಅಂತ ಬರೆಯಬಹುದಾ ಮಿಸ್ ಅಂದಳು. ಬರಿ ಅಂದೆ. ಆ ಫೀಡ್‌ಬ್ಯಾಕ್ ಫಾರ್ಮು ತುಂಬುವಾಗ ಇಂಥವರು ನನ್ನ ನೆನಪಿಗೇ ಬಂದಿರಲಿಲ್ಲ. ನಾಚಿಕೆಯಾಯಿತು.

ಸಂಜೆ ಮಗಳಿಗೆ ಹೇಳಬೇಕೆಂದು ಮೂರು ಸಲ ಎದ್ದೆ. ಮೊದಲನೇ ಸಲ ನೀರು ಕುಡಿದು ಬಂದೆ. ಎರಡನೇ ಸಲ ಬೀರು ಜೋಡಿಸಿದೆ. ಮೂರನೇ ಸಲ ಅವಳೇ, "ಯಾಕಮ್ಮ ಕಾಲು ಸುಟ್ಟ ಬೆಕ್ಕಿನ ಥರ ಓಡಾಡ್ತೀಯಾ?" ಅಂದಳು.

ಜೂನ್ 20, ಶುಕ್ರವಾರ

ಪಾಠ ಮಾಡಿದೆ. ಹೆಚ್ಚು ಹೊತ್ತು ಬೋರ್ಡಿಗೇ ಮುಖ. ಎ-ಬಿ ಬರೆದೆ, ಬಿ-ಓ ಬರೆದೆ. ಓ-ಓ ಬರೆಯಲಿಲ್ಲ, ಬೆಲ್ ಹೊಡೆಯಿತು — ಹೊಡೆಯುವವರೆಗೆ ಎಳೆದೆ ಅನ್ನುವುದೇ ಸರಿ. ಮಗಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಲ್ಲದಕ್ಕೂ ಕೈ ಎತ್ತುವವಳು.

ಜೂನ್ 24, ಮಂಗಳವಾರ

ಮೂವತ್ತೆಂಟು ಚಾರ್ಟು ಬಂದವು. ಅವಳದು ಹದಿನೇಳನೆಯದು. ಅಚ್ಚುಕಟ್ಟು. ತಂದೆ: ಓ. ತಾಯಿ: ಬಿ.

ಬೆಳಕಿಗೆ ಹಿಡಿದೆ. ನನ್ನ ಹೆಸರಿನ ಮುಂದೆ ರಬ್ಬರಿನಲ್ಲಿ ಉಜ್ಜಿದ ಗುರುತು. ಪೆನ್ನಿನ ಬಿ ಕೆಳಗೆ ಪೆನ್ಸಿಲಿನ ಓ ಇನ್ನೂ ಕಾಣುತ್ತದೆ. ಗೊತ್ತಿಲ್ಲದೆ ಬರೆದದ್ದಲ್ಲ. ಹೋದ ವರ್ಷ ನನ್ನ ಆಪರೇಷನ್ನಿಗೆ ಆಸ್ಪತ್ರೆಯ ಫಾರ್ಮು ತುಂಬಿದವಳೇ ಅವಳು.

ಸಂಜೆ ಒಟ್ಟಿಗೇ ಮನೆಗೆ ಬಂದೆವು. ಗೇಟಿನ ಹತ್ತಿರ, ಬೀಗದ ಕೈ ಹುಡುಕುತ್ತಾ, ನನ್ನ ಕಡೆ ನೋಡದೆ, "ನನ್ನ ಚಾರ್ಟ್‌ಗೆ ರೈಟ್ ಹಾಕ್ಬಿಡಮ್ಮ. ತಪ್ಪಿದ್ರೂ ಪರವಾಗಿಲ್ಲ" ಅಂದಳು.

ಜೂನ್ 25, ಬುಧವಾರ. ಸಂಜೆ 5:15

ಮೂವತ್ತೇಳು ತಿದ್ದಿ ಮುಗಿಯಿತು. ಒಂದು ಉಳಿದಿದೆ. ಒಂದು ರೈಟ್ ಹಾಕಿದರೆ ಎಲ್ಲ ಸುಸೂತ್ರ. ಅವಳು ಬರೆದ ಸುಳ್ಳಿಗೆ ನನ್ನ ಸಹಿ. ಹದಿನೈದು ವರ್ಷ ಅವಳಿಗೆ ನೋವಾಗದ ಹಾಗೆ ನೋಡಿಕೊಂಡೆ ಅಂತ ಬೀಗಿದ್ದೆನಲ್ಲ... ಯಾವಾಗಿನಿಂದಲೋ ಅವಳೇ ನನ್ನನ್ನು ನೋಡಿಕೊಳ್ಳುತ್ತಿದ್ದಾಳೆ. ಒಬ್ಬಳೇ.

ಬಿ ಹೊಡೆದು ಹಾಕಿದೆ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಓ ಬರೆದೆ.

ಇವರು ಹಾಲ್‌ನಲ್ಲಿ ಬಂದು ಕೂತಿದ್ದಾರೆ. ಅವಳನ್ನು ಕರೆದೆ. ಕೂದಲು ಒರೆಸಿಕೊಂಡು ಬರ್ತೀನಿ ಅಂದಳು. ಪಾಠಕ್ಕೆ ಮುಂಚೆ ಮೊದಲ ವಾಕ್ಯ ಬರೆದಿಟ್ಟುಕೊಳ್ಳುವ ಅಭ್ಯಾಸ ನನಗೆ, ಇಲ್ಲದಿದ್ದರೆ ತಡವರಿಸುತ್ತೇನೆ. ಇದನ್ನೂ ಬರೆದುಕೊಳ್ಳುತ್ತೇನೆ.

ಪುಟ್ಟಿ, ನೀನು ಇಪ್ಪತ್ತೆರಡು ದಿನದ ಕೂಸಾಗಿದ್ದಾಗ ನಾವು —