ಕೊಳ್ಳುವವರಿಲ್ಲದ ಕಿತ್ತಳೆ

ಪ್ರೀತಿಯ ಅಣ್ಣನಿಗೆ,

ನಮ್ಮ ದೇಶದ ಹಣ ಹೊರದೇಶದ ಹಣದೆದುರು ಗಟ್ಟಿಯಾಗಿದೆ ಎಂದು ನೀನು ಕೇಂದ್ರ ಬ್ಯಾಂಕಿನ ಪರವಾಗಿ ರೇಡಿಯೋದಲ್ಲಿ ಹೇಳಿದ ದಿನ ಅಪ್ಪ ಬೀದಿಯವರನ್ನೆಲ್ಲ ಕರೆದು ಕೇಳಿಸಿದರು. ಹಣ ಗಟ್ಟಿಯಾದಷ್ಟೂ ನಮ್ಮ ಕಿತ್ತಳೆ ಹೊರದೇಶದವರಿಗೆ ದುಬಾರಿಯಾಯಿತು. ಹಡಗಿಗೆ ಹಣ್ಣು ತುಂಬಿಸುತ್ತಿದ್ದ ವ್ಯಾಪಾರಿ ಅಗ್ಗದ ಹಣ್ಣು ಕೊಳ್ಳಲು ಪಕ್ಕದ ದೇಶಕ್ಕೆ ಹೋದ. ನಮ್ಮದು ಮರದಲ್ಲೇ ಕೊಳೆಯಿತು. ಪ್ಯಾಕಿಂಗ್ ಶೆಡ್ಡಿಗೆ ಬೀಗ ಬಿತ್ತು.

“ನನ್ನ ಮಗ ತಪ್ಪು ಮಾಡಿದ್ನೇನಮ್ಮಾ?” ಎಂದು ಅಪ್ಪ ಕೇಳಿದರು.

“ಇಲ್ಲಪ್ಪ, ಹೊರಗಿಂದ ಬರೋ ಔಷಧಿ, ಪೆಟ್ರೋಲು ಎಲ್ರಿಗೂ ಅಗ್ಗ ಆಗಿದೆ,” ಎಂದೆ.

“ಹಾಗಾದ್ರೆ ಒಳ್ಳೇದೇ ಆಯ್ತು ಬಿಡು. ನಾವು ಜೋಳ ಬಿತ್ತೋಣ,” ಎಂದವರು ಮರುದಿನವೇ ಗರಗಸ ಹಿಡಿದು ತೋಟಕ್ಕೆ ಹೋದರು. ಒಂದೊಂದೇ ಮರ ಕಡಿಯುತ್ತಾ, ನೀನು ರಜೆಯಲ್ಲಿ ನೆಟ್ಟಿದ್ದ ಸಾಲಿಗೆ ಬರುವ ಹೊತ್ತಿಗೆ ಕುಸಿದು ಬಿದ್ದರು. ಈಗ ಬಲಗೈ ಏಳುವುದಿಲ್ಲ, ಮಾತೂ ಇಲ್ಲ. ಬಾಗಿಲು ಸದ್ದಾದರೆ ಮಾತ್ರ ಆ ಕಡೆ ನೋಡುತ್ತಾರೆ.

ಬೇಗ ಬಾ. ಸರ್ಕಾರಿ ಕಾರು ಬೇಡ, ಬಸ್ಸಿನಲ್ಲಿ ಬಾ. ಶೆಡ್ಡಿನಲ್ಲಿ ಕೆಲಸ ಕಳೆದುಕೊಂಡವರು ಬಸ್ ನಿಲ್ದಾಣದಲ್ಲೇ ಕೂತಿರುತ್ತಾರೆ. ಅವರಿಗೆ ನಿನ್ನ ಮೇಲೆ ಸಿಟ್ಟಿದೆ, ಆದರೂ ಹೆದರಬೇಡ, ನಾನು ಬಂದು ಕಾಯುತ್ತೇನೆ. ನಿನ್ನ ಕೈ ಹಿಡಿದುಕೊಂಡೇ ಅವರ ಮುಂದೆಯೇ ಮನೆಗೆ ಕರೆದುಕೊಂಡು ಬರುತ್ತೇನೆ.

ನಿನ್ನ ತಂಗಿ