ಮುದ್ದಕ್ಕನ ಕೇಬಲ್ಲು

12 ನವೆಂಬರ್ 2001, ಹೊಸದುರ್ಗ

ಬೆಳಿಗ್ಗೆ ಹಾಲು, ಪೇಪರ್, ಎಂಟನೇ ಕ್ಲಾಸಿನ ವಿಜ್ಞಾನದ ಟೆಸ್ಟ್ ತಿದ್ದಿದ್ದು. ಸಂಜೆ ಓಬಳೇಶ್ ಬಂದ, ಕೇಬಲ್ ದುಡ್ಡಿಗೆ. ನಮ್ಮ ಬಡಾವಣೆಗೆಲ್ಲ ಕೇಬಲ್ ಕೊಡುವವನು, ನನ್ನ ಹಳೇ ಶಿಷ್ಯ. ಈ ತಿಂಗಳಿಂದ ನೂರೈವತ್ತಂತೆ. ಅಷ್ಟು ಕೊಡಲು ಮನಸ್ಸಿಲ್ಲ. ಬಾಯಿಗೆ ಬಂದದ್ದು ಬೇರೆ.

"ಅನುಷಾದು ಎಸ್ಸೆಸ್ಸೆಲ್ಸಿ ಕಣಪ್ಪ. ಪರೀಕ್ಷೆ ಮುಗಿಯೋತನಕ ಟಿವಿ ಬ್ಯಾಡ. ಕನೆಕ್ಷನ್ ತೆಗೆದುಬಿಡು."

"ಮಗಳಿಗೋಸ್ಕರನಾ? ಬಾಳ ದೊಡ್ಡೋರು ಬಿಡ್ರಿ ಸರ್ ನೀವು."

ಹಿತವಾಯಿತು. ಜಿಪುಣ ಅನ್ನಿಸಿಕೊಳ್ಳುವುದಕ್ಕಿಂತ ಇದು ವಾಸಿ.

19 ನವೆಂಬರ್

ಯಶೋಧಾ ನೆಟ್ಟಗೆ ಮಾತಾಡುತ್ತಿಲ್ಲ. ಸಂಜೆಯ ಸೀರಿಯಲ್ ನಿಂತ ಮೇಲೆ ಸಾರಿಗೆ ಉಪ್ಪೂ ಸರಿಯಾಗಿ ಬೀಳುತ್ತಿಲ್ಲ. ಏಳೂವರೆಗೆ ಸರಿಯಾಗಿ ಪಕ್ಕದ ಮನೆಯ ಗೋಡೆಗೆ ಒರಗಿ ಕೂರುತ್ತಾಳೆ. ಆಚೆ ಮುದ್ದಕ್ಕ. ಕಂಡಕ್ಟರ್ ಗಂಡ ತೀರಿಕೊಂಡ ಮೇಲೆ ಒಬ್ಬಳೇ. ಟಿವಿ ಸೌಂಡು ಬೀದಿಗೆಲ್ಲ ಕೇಳುವ ಹಾಗೆ ಇಡುತ್ತಾಳೆ. ಹೆಂಡತಿ ಗೋಡೆಗೆ ಕಿವಿ ಕೊಟ್ಟು ಕೂತದ್ದು ನೋಡಿ ಕರುಳು ಚುರ್ ಅಂದಿತು. ನೂರೈವತ್ತು ಅಂದುಕೊಂಡರೂ ಚುರ್ ಅನ್ನುತ್ತದೆ... ಏನು ಮಾಡಲಿ.

25 ನವೆಂಬರ್, ಭಾನುವಾರ

ಹಿರಿಯೂರಿಗೆ ಹೋಗಿದ್ದೆ, ಷಡ್ಡಕನ ಮೊಮ್ಮಗನ ನಾಮಕರಣ. ಬರುವಾಗ ಒಂದು ಸ್ಪ್ಲಿಟರ್ ಕೊಂಡೆ. ಬೆಂಕಿಪೊಟ್ಟಣದಷ್ಟು ಡಬ್ಬಿ, ಒಂದು ಕೇಬಲ್ಲನ್ನು ಎರಡು ಟಿವಿಗೆ ಹಂಚುತ್ತದೆ. ಹೊಸದುರ್ಗದಲ್ಲಿ ಕೊಂಡರೆ ಓಬಳೇಶನ ಕಿವಿಗೆ ಬೀಳುತ್ತದೆ.

ಸಂಜೆ ನೀರಿನ ಟ್ಯಾಂಕ್ ನೋಡುವ ನೆಪದಲ್ಲಿ ಮೇಲೆ ಹತ್ತಿದೆ. ಎರಡು ಮನೆಗೂ ಒಂದೇ ತಾರಸಿ. ಮುದ್ದಕ್ಕನ ಕೇಬಲ್ ಕತ್ತರಿಸಿ, ಡಬ್ಬಿ ಸೇರಿಸಿ, ಒಂದು ಎಳೆ ನಮ್ಮ ಕಿಟಕಿಗೆ ಇಳಿಬಿಟ್ಟೆ. ಹತ್ತು ನಿಮಿಷದ ಕೆಲಸ. ವಿಜ್ಞಾನದ ಮೇಷ್ಟ್ರು ಬೇರೆ!

ಯಶೋಧಾ ಎಷ್ಟೋ ದಿನಕ್ಕೆ ನಕ್ಕಳು. ಹೊರಗೆ ಕೇಳಬಾರದೆಂದು ನಮ್ಮ ಟಿವಿ ಸೌಂಡು ಪೂರ್ತಿ ಬಂದ್. ಚಿತ್ರ ನಮ್ಮದು, ಸೌಂಡು ಗೋಡೆಯಾಚೆ ಮುದ್ದಕ್ಕನದು. ಅವಳು ನೋಡುವ ಚಾನೆಲ್ಲೇ ನಮಗೂ ಗತಿ.

ಅನುಷಾ ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ಇದು ಕದ್ದಂಗಲ್ವಾ?"

"ಓದ್ಕೋ ಹೋಗು" ಅಂದೆ. ಹೋದಳು. ಮತ್ತೆ ನಡುಮನೆಗೆ ಬರಲಿಲ್ಲ.

8 ಡಿಸೆಂಬರ್

ಮುದ್ದಕ್ಕ ಕರೆದಳು. "ಒಸಿ ನೋಡ್ರಿ ಮೇಷ್ಟ್ರೆ. ಟಿವಿ ತುಂಬ ಇರುವೆ ಹರಿದಂಗೆ ಆಗ್ತೈತೆ. ಓಬಳೇಶಂಗೆ ಹೇಳಿದ್ರೆ ಕಂಬದತ್ರ ಎಲ್ಲಾ ಸರಿಯಾಗೈತೆ ಅಂತಾನೆ."

ಒಂದನ್ನು ಎರಡು ಮಾಡಿದರೆ ಸಿಗ್ನಲ್ ಅರ್ಧವಾಗುತ್ತದೆ. ಗೊತ್ತಿಲ್ಲದ್ದೇನಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದ ನಾಟಕ ಮಾಡಿ, "ಟಿವಿಗೆ ವಯಸ್ಸಾಯ್ತು ಮುದ್ದಕ್ಕಾ" ಅಂದೆ.

"ನಂಗೆ ಆಗಿಲ್ವಾ? ಬಿಡ್ರಿ" ಅಂತ ನಕ್ಕು ಒಗ್ಗರಣೆ ಮಂಡಕ್ಕಿ ಕೊಟ್ಟಳು. ತಿಂದೆ. ತಿಂದೆನಲ್ಲ, ಥೂ.

20 ಡಿಸೆಂಬರ್

ಈಗ ಹೊಸ ಮೋಜು. ಮುದ್ದಕ್ಕ ಟಿವಿ ಜೊತೆ ಮಾತಾಡುತ್ತಾಳೆ. "ಲೇ, ಆ ಅತ್ತೇನ ನಂಬಬ್ಯಾಡ ಕಣೇ!" ಗೋಡೆ ಈಚೆ ನಾನೂ ಯಶೋಧಾನೂ ಬಾಯಿಗೆ ಬಟ್ಟೆ ಇಟ್ಟುಕೊಂಡು ನಗುವುದು.

26 ಜನವರಿ 2002

ಧ್ವಜಾರೋಹಣ. ಊರೆಲ್ಲ ಶಾಲೆಯಲ್ಲಿ. ಹೆಡ್‌ಮಾಸ್ಟರ್ ಉಗ್ರಪ್ಪನವರಿಗೆ ಓಬಳೇಶ್ ಹೇಳಿದ್ದನಂತೆ. ಮೈಕಲ್ಲಿ ಸಾರಿಬಿಟ್ಟರು: "ನಮ್ಮ ರುದ್ರಪ್ಪ ಮೇಷ್ಟ್ರು ಮಗಳಿಗಾಗಿ ಕೇಬಲ್ಲನ್ನೇ ತೆಗೆಸಿದ್ದಾರೆ. ಅವರೇ ಎರಡು ಮಾತಾಡ್ತಾರೆ."

ಎರಡೇ ಮಾತಾಡಿ ಕೂರಬಹುದಿತ್ತು. ಚಪ್ಪಾಳೆ ಬಿತ್ತಲ್ಲ, ನಾಲಿಗೆ ಕೇಳಲಿಲ್ಲ. ಟಿವಿ ಅಂದರೆ ಮನೆಗೆ ಹತ್ತಿದ ಗೆದ್ದಲು ಅಂದೆ. ಅಕ್ಕಪಕ್ಕದವರೂ ಮಕ್ಕಳ ಮೇಲೆ ಕರುಣೆ ಇಡಬೇಕು ಅಂದೆ. ಮುಂದಿನ ಸಾಲಲ್ಲಿ ಮುದ್ದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹತ್ತನೇ ಕ್ಲಾಸಿನ ಸಾಲಲ್ಲಿ ಅನುಷಾ ತಲೆ ಬಗ್ಗಿಸಿ ಕೂತಿದ್ದಳು.

ರಾತ್ರಿ ಊಟ ಸೇರಲಿಲ್ಲ. ಟಿವಿ ಮಾತ್ರ ನೋಡಿದೆ.

2 ಫೆಬ್ರವರಿ

ಬಸ್‌ಸ್ಟ್ಯಾಂಡಿನಲ್ಲಿ ಓಬಳೇಶ್. "ನಿಮ್ ಭಾಷಣ ಕೇಳಿ ನಿಮ್ ಬೀದೀಲಿ ಬಾಳ ಮನೇರು ತೆಗೆಸಿದ್ರು ಸರ್. ಎದುರು ಮನೆ ಚಂದ್ರಕ್ಕನೂ ಅಷ್ಟೇಯ. ನಂಗೆ ಲಾಸು... ಇರ್ಲಿ ಬಿಡ್ರಿ, ಮಕ್ಳು ಓದ್ತಾವೆ."

ಬೈದಿದ್ದರೆ ಚೆನ್ನಾಗಿತ್ತು.

6 ಫೆಬ್ರವರಿ, ಸಂಜೆ 7.40

ಟಿವಿ ಹಾಕಿದರೆ ಚಿತ್ರವಿಲ್ಲ. ಬರೀ ಚುಕ್ಕಿ. ಓಬಳೇಶನಿಗೆ ಮನಸ್ಸಿನಲ್ಲೇ ಬೈದು, ಟಾರ್ಚ್ ಹಿಡಿದು ಮೇಲೆ ಹತ್ತಿದೆ. ಡಬ್ಬಿ ಸರಿಯಾಗಿದೆ, ವೈರೂ ಸರಿಯಾಗಿದೆ. ಆಗ ಹೊಳೆಯಿತು, ಆಚೆ ಮನೆಯಿಂದಲೂ ಸೌಂಡಿಲ್ಲ. ಹೋಗಿ ನೋಡಿದರೆ ಮುದ್ದಕ್ಕ ಹೊರಗೆ ಕಟ್ಟೆ ಮೇಲೆ ಕೂತಿದ್ದಾಳೆ.

"ಟಿವಿ ಹಾಕಲಿಲ್ವಾ ಮುದ್ದಕ್ಕಾ?"

"ಇವತ್ತು ತೆಗೆಸಿಬಿಟ್ಟೆ ಮೇಷ್ಟ್ರೆ. ಓಬಳೇಶ ಕಂಬದತ್ರಾನೇ ಬಿಚ್ಚಿ ಹೋದ. ನಿಮ್ ಮಗು ಓದೋವಾಗ ನಾನು ಗೋಡೆ ಈಚೆ ಸೌಂಡ್ ಮಾಡ್ಕಂಡು ಕುಂತ್ರೆ ಪಾಪ ಬರಲ್ವಾ? ಹಡೆದ ಅಪ್ಪ ನೀವೇ ಟಿವಿ ಬಿಟ್ಟಿದೀರಿ. ನಂದೇನು ದೊಡ್ಡದು."

ಸೊಳ್ಳೆ ಕಡಿಯುತ್ತವೆ, ಒಳಗೆ ಹೋಗ್ರಿ ಅಂದೆ. ಅಷ್ಟೇ ಅಂದದ್ದು.

9 ಫೆಬ್ರವರಿ

ಇವತ್ತೂ ಕಟ್ಟೆ ಮೇಲೆ. ಹೋಗಿ ಬರುವವರನ್ನೆಲ್ಲ ಕೇಳುತ್ತಾಳೆ, ಆ ಹುಡುಗಿ ಗಂಡನ ಮನೆಗೆ ವಾಪಸ್ ಹೋದಳಾ ಅಂತ. ಸೀರಿಯಲ್ಲಿನ ಹುಡುಗಿ. ಹೇಳುವವರು ಯಾರು? ಬೀದಿಯಲ್ಲಿ ಈಗ ಯಾರ ಮನೆಯಲ್ಲೂ ಕೇಬಲ್ ಉಳಿದಿಲ್ಲ. ನನ್ನ ಪ್ರತಾಪ.

ಓಬಳೇಶನಿಗೆ ದುಡ್ಡು ಕೊಟ್ಟು ಅವಳದ್ದನ್ನು ಮತ್ತೆ ಹಾಕಿಸಲು ಹೋದೆ. ಮುದ್ದಕ್ಕ ಬಿಲ್‌ಕುಲ್ ಒಪ್ಪಲಿಲ್ಲ. ನಿಜ ಹೇಳದೆ ಅವಳು ಒಪ್ಪುವುದಿಲ್ಲ. ಹೇಳಿದರೆ ನಾಳೆಯೇ ಬೀದಿಗೆ, ನಾಡಿದ್ದು ಸ್ಟಾಫ್‌ರೂಮಿಗೆ... ಹೇಗೆ ತಲೆ ಎತ್ತಿ ಪಾಠ ಮಾಡಲಿ?

ಅನುಷಾ ಕೇಳಿದಳು, "ಅಜ್ಜಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

13 ಫೆಬ್ರವರಿ

ಮುದ್ದಕ್ಕನಿಗೆ ಹೇಳಿಬಿಟ್ಟೆ.

ಎಲ್ಲ ಹೇಳಿದೆ. ತಾರಸಿ, ಡಬ್ಬಿ, ವಯಸ್ಸಾಗದ ಟಿವಿಗೆ ವಯಸ್ಸಾಯಿತು ಅಂದದ್ದು. ನನ್ನ ಕಾಲ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದೆ. ಬೈಯುತ್ತಾಳೆ, ನಾಲ್ಕು ಜನರನ್ನು ಕೂಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ:

"ಹಂಗಾರೆ ನೀವೂ ಅದನ್ನೇ ನೋಡ್ತಿದ್ರಾ? ದಿನಾ?"

ಹೂಂ ಅಂದೆ.

"ನಾನು ಒಬ್ಳೇ ಮಾತಾಡ್ಕಣದು ಕೇಳ್ತಿತ್ತಾ?"

ಕೇಳುತ್ತಿತ್ತು ಅಂದೆ. ನಗುತ್ತಿದ್ದೆವು ಅನ್ನಲು ಆಗಲಿಲ್ಲ.

"ಒಂದ್ ಮಾತು ಅಂದಿದ್ರೆ ಇಲ್ಲೇ ಚಾಪೆ ಹಾಸ್ತಿದ್ನಲ್ಲ ಮೇಷ್ಟ್ರೆ. ಸೌಂಡ್ ಕೇಳಿ ಯಾರಾರ ಬರ್ಲಿ ಅಂತಾನೇ ಅಷ್ಟು ಜೋರು ಇಡ್ತಿದ್ದೆ."

ಮನೆಗೆ ಬಂದೆ. ಏನಂದ್ಲು ಅಂತ ಯಶೋಧಾ ಕೇಳುತ್ತಿದ್ದಾಳೆ. ಅನುಷಾನೂ ಪುಸ್ತಕ ಮುಚ್ಚಿ ನೋಡುತ್ತಿದ್ದಾಳೆ. ಏನಂದಳು ಅಂತ ಇವರಿಗೆ ಯಾವ ಬಾಯಲ್ಲಿ ಹೇಳಲಿ?