ಕಲ್ಲು ತೋರಿಸಿದವನು

ಹಾಸನ, ಬುಧವಾರ

ಅಪ್ಪನಿಗೆ ಶಾಂತಿಯ ನಮಸ್ಕಾರ.

ಅವ್ವನ ಮಂಡಿನೋವಿನ ಮಾತ್ರೆಯನ್ನು ತಮ್ಮ ಮೋಹನನ ಕೈಲಿ ಕಳಿಸಿದ್ದೇನೆ. ಊಟವಾದ ಮೇಲೆ ಒಂದೊಂದು.

ನಮ್ಮ ವಂಶದ ಹೆಸರು ಹುಡುಕಲು ಹೊರಟಾಗ ನೀನು, "ನೆಲ ಇಲ್ದೋರ ಎಸ್ರು ಯಾವ ಪುಸ್ತಕದಲ್ಲಿರ್ತದೆ ಕಣವ್ವಾ?" ಅಂದಿದ್ದೆ. ಅರಕಲಗೂಡಿನ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಹೋದೆ. ನಮ್ಮೂರಿನ ಹಳೇ ಪಹಣಿಗಳಲ್ಲಿ ನಮ್ಮವರು ಯಾರೂ ಇಲ್ಲ. ನಿನ್ನ ಮಾತೇ ನಿಜ ಅನ್ನಿಸಿತು.

ಆಮೇಲೆ ನಕ್ಷೆ ನೋಡಿದೆ. ನಮ್ಮೂರಿನ ಹಳ್ಳವೇ ತಾಲ್ಲೂಕಿನ ಗಡಿ. ಹಳ್ಳದಾಚೆಯ ಊರಿನ ಕಾಗದಗಳು ಹೊಳೆನರಸೀಪುರದಲ್ಲಿದ್ದವು. ಅಲ್ಲಿನ ಗಡಿ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು: "ಎರಡೂ ಊರಿನವರ ಎದುರು ಗಡಿಕಲ್ಲು ತೋರಿಸಿದವನು ಕುಳವಾಡಿ ಚಿಕ್ಕಲಕ್ಕ." ಪಕ್ಕದಲ್ಲಿ ಹೆಬ್ಬೆಟ್ಟು. ಅದು ನಿನ್ನ ತಾತನದು.

ಒಂದು ಗುಂಟೆ ನೆಲವೂ ಇಲ್ಲದವನು ಬೆರಳು ತೋರಿಸಿದ ಕಡೆಗೇ ಎರಡೂ ಊರಿನ ಗೌಡರು ಒಪ್ಪಿ ಸಹಿ ಹಾಕಿದ್ದಾರೆ. ಇದನ್ನು ಯಾಕೆ ಹೇಳಲಿಲ್ಲ ಎಂದು ನಾನು ಕೇಳುವುದಿಲ್ಲ. ಊರಿನ ಗಡಿ ಕಾಯುವ ಆ ಕುಳವಾಡಿಕೆಯ ಬಿಟ್ಟಿ ಚಾಕರಿ ಬೇಡವೆಂದೇ ನೀನು ಊರು ಬಿಟ್ಟು ಕೊಣನೂರು ಸೇರಿದೆ. ಅದು ನನಗೆ ಗೊತ್ತು.

ಆ ಕಲ್ಲು ಎಲ್ಲಿದೆಯೆಂದು ಈಗ ಎರಡೂ ಊರಲ್ಲಿ ಯಾರಿಗೂ ಗೊತ್ತಿಲ್ಲವಂತೆ. ನಾನು ಚಿಕ್ಕವಳಿದ್ದಾಗ ಒಮ್ಮೆ ನೀನು ನನ್ನನ್ನು ಹೆಗಲ ಮೇಲೆ ಹೊತ್ತು ಆ ಹಳ್ಳ ದಾಟಿದ್ದೆ. ಆಚೆ ದಡದ ಲಂಟಾನದ ಪೊದೆಯ ಹತ್ತಿರ ಸುಮ್ಮನೆ ನಿಂತು ಚಪ್ಪಲಿ ಬಿಟ್ಟೆ. ಅಲ್ಲಿ ಗುಡಿಯೂ ಇರಲಿಲ್ಲ, ಏನೂ ಇರಲಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಆ ಪೊದೆ ಸವರಲು ಮಚ್ಚು ಮಸೆದಿಟ್ಟಿರು. ಸರ್ವೆಯವರಿಗೆ ತೋರಿಸುವುದು ಬೇಡ, ಗೌಡರಿಗೂ ಬೇಡ. ನನಗೊಬ್ಬಳಿಗೆ ತೋರಿಸು.

ನಿನ್ನ ಮಗಳು,
ಶಾಂತಿ